ಹರಳಿನೊಳಗೆ ತಿರುಗುವ ಹೈಡ್ರೋಜನ್: ಎಲ್-ಅಲನೈನ್‌ನ ಅಣುಚಲನೆಯನ್ನು ಎನ್‌ಎಂಆರ್‌ನಲ್ಲಿ ಅಳೆಯುವ ಸಮಗ್ರ ಮಾರ್ಗದರ್ಶಿ

ಒಂದು ಎಲ್-ಅಲನೈನ್ ಹರಳನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಕಲ್ಲುಸಕ್ಕರೆಯ ಚೂರಿನ ಹಾಗೆ ತಿಳಿಯಾಗಿದೆ, ಸ್ವಲ್ಪ ಉದ್ದಕ್ಕಿದೆ. ಗಟ್ಟಿ ವಸ್ತು, ಅಲ್ಲಾಡದೆ ಕೂತಿದೆ. ಆದರೆ ಅದರೊಳಗಿನ ಪ್ರತಿ ಅಣುವಿನಲ್ಲೂ ಮೂರು ಹೈಡ್ರೋಜನ್‌ಗಳ ಒಂದು ಪುಟ್ಟ ಫ್ಯಾನು ಇದೆ. ನೀವು ನೋಡುತ್ತಿರುವ ಹೊತ್ತಿಗೆ ಅದು ಸೆಕೆಂಡಿಗೆ ಸುಮಾರು ನೂರು ಕೋಟಿ ಸಲ ಜಾಗ ಬದಲಿಸುತ್ತಿದೆ. ಪಕ್ಕದಲ್ಲೇ ಇನ್ನೊಂದು ಫ್ಯಾನು ಇದೆ. ಅದು ಇದಕ್ಕಿಂತ ಸಾವಿರ ಪಟ್ಟು ನಿಧಾನ.

ಪಂಕ್ತಿಯಲ್ಲಿ ಊಟಕ್ಕೆ ಕೂತವರನ್ನು ನೆನಪಿಸಿಕೊಳ್ಳಿ. ಯಾರೂ ಎಲೆ ಬಿಟ್ಟು ಏಳುವುದಿಲ್ಲ, ಆದರೆ ಎಲ್ಲರ ಕೈಯೂ ಆಡುತ್ತಿರುತ್ತದೆ. ಹರಳಿನ ಅಣುಗಳೂ ಹಾಗೆಯೇ. ಜಾಗ ಬಿಡದೆ ಕೂತಲ್ಲೇ ಆಡುವ ಆ ಕೈಗಳ ವೇಗವನ್ನು ಅಳೆಯುವುದು ಹೇಗೆ, ಅವು ತಿರುಗಲು ಎಷ್ಟು ಶಕ್ತಿ ಬೇಕು ಎಂದು ಕಂಡುಕೊಳ್ಳುವುದು ಹೇಗೆ, ಇದನ್ನು ಮೊದಲಿಂದ ಕೊನೆವರೆಗೆ ಇಲ್ಲಿ ಬರೆದಿದ್ದೇನೆ. ಅಳೆಯುವ ಸಾಧನ ಎನ್‌ಎಂಆರ್, ಅಂದರೆ ಅಯಸ್ಕಾಂತ ಕ್ಷೇತ್ರದಲ್ಲಿಟ್ಟ ಪರಮಾಣು ನ್ಯೂಕ್ಲಿಯಸ್‌ಗಳನ್ನು ರೇಡಿಯೋ ಅಲೆಯಿಂದ ಕದಲಿಸಿ ನೋಡುವ ವಿಧಾನ. ಎಂಎಸ್ಸಿ ಪ್ರಾಜೆಕ್ಟಿಗೋ ಪಿಎಚ್‌ಡಿಯ ಮೊದಲ ವರ್ಷಕ್ಕೋ ಕೈಹಾಕಿದವರು ನನ್ನ ಕಣ್ಣ ಮುಂದಿದ್ದಾರೆ. ಭೌತಶಾಸ್ತ್ರದ ಆಸಕ್ತಿ ಇರುವ ಬೇರೆಯವರೂ ಧಾರಾಳವಾಗಿ ಓದಬಹುದು.

ಅಲನೈನ್ ಯಾಕೆ?

ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳು ಇಪ್ಪತ್ತಿವೆ, ಅಲನೈನ್ ಅವುಗಳಲ್ಲಿ ಒಂದು. ಕಲಿಯಲು ಶುರು ಮಾಡುವವರಿಗೆ ನಾನು ಯಾವಾಗಲೂ ಅಲನೈನ್ ಕೈಗೆ ಕೊಡುತ್ತೇನೆ. ಕಾರಣ ಸರಳ. ಅದರಲ್ಲಿ ಒಟ್ಟು ಏಳು ಹೈಡ್ರೋಜನ್‌ಗಳಿವೆ. ಮೂರು ಮೀಥೈಲ್ ಗುಂಪಿನಲ್ಲಿ (ತುದಿಯ ಕಾರ್ಬನ್ ಮೇಲೆ), ಮೂರು ಅಮೋನಿಯಂ ಗುಂಪಿನಲ್ಲಿ (ಸಾರಜನಕದ ಮೇಲೆ), ಉಳಿದ ಒಂದು ನಡುವಿನ ಕಾರ್ಬನ್ ಮೇಲೆ. ಶುರುವಿನಲ್ಲಿ ಹೇಳಿದ ಎರಡು ಫ್ಯಾನುಗಳು ಈ ಎರಡು ಗುಂಪುಗಳೇ. ಹರಳಿನಲ್ಲಿ ಅಮೈನೋ ಆಮ್ಲ ಪುಸ್ತಕದಲ್ಲಿ ಬರೆಯುವ ಹಾಗೆ ಇರುವುದಿಲ್ಲ. ಆಮ್ಲದ ಕಡೆಯ ಪ್ರೋಟಾನ್ (ಹೈಡ್ರೋಜನ್‌ನ ನ್ಯೂಕ್ಲಿಯಸ್) ಸಾರಜನಕದ ಕಡೆಗೆ ಹೋಗಿಬಿಟ್ಟಿರುತ್ತದೆ. ಹಾಗಾಗಿ ಒಂದು ತುದಿಯಲ್ಲಿ ಧನ ವಿದ್ಯುತ್, ಇನ್ನೊಂದು ತುದಿಯಲ್ಲಿ ಋಣ ವಿದ್ಯುತ್. ಇದನ್ನೇ ಜ್ವಿಟ್ಟರ್ ಅಯಾನ್ ಅನ್ನುತ್ತಾರೆ.

ಮೀಥೈಲ್ ಗುಂಪನ್ನು ಸುತ್ತಲಿನ ಅಣುಗಳು ಸುಮ್ನೆ ಒತ್ತಿಕೊಂಡಿರುತ್ತವೆ ಅಷ್ಟೆ, ಕಟ್ಟಿ ಹಾಕಿರುವುದಿಲ್ಲ. ಅಮೋನಿಯಂ ಗುಂಪಿನ ಕಥೆಯೇ ಬೇರೆ. ಅದರ ಮೂರೂ ಹೈಡ್ರೋಜನ್‌ಗಳು ಅಕ್ಕಪಕ್ಕದ ಅಣುಗಳ ಆಮ್ಲಜನಕಕ್ಕೆ ಹೈಡ್ರೋಜನ್ ಬಂಧದಿಂದ ಕಟ್ಟಿಕೊಂಡಿವೆ. ಒಂದು ಸಲ ತಿರುಗಬೇಕಾದರೆ ಮೂರು ಗಂಟುಗಳನ್ನೂ ಬಿಚ್ಚಿ ಮತ್ತೆ ಕಟ್ಟಬೇಕು. ಹಾಗಾಗಿ ಅದು ನಿಧಾನ. ಒಂದೇ ಹರಳಿನಲ್ಲಿ ಎರಡು ಬಗೆಯ ಚಲನೆ, ಎರಡಕ್ಕೂ ಸ್ಪಷ್ಟವಾದ ಬೇರೆ ಬೇರೆ ಕಾರಣ. ಕಲಿಯಲು ಇದಕ್ಕಿಂತ ಒಳ್ಳೆಯದು ಬೇಕಾ?

ಹರಳಿನ ರಚನೆಯೂ ಚೆನ್ನಾಗಿ ಗೊತ್ತಿದೆ. ಸಿಂಪ್ಸನ್ ಮತ್ತು ಮಾರ್ಶ್ 1966ರಲ್ಲಿ ಎಕ್ಸ್-ರೇಯಿಂದ ನೋಡಿದರು. 1972ರಲ್ಲಿ ಲೇಮನ್, ಕೊಯೆಟ್ಜಲ್, ಹ್ಯಾಮಿಲ್ಟನ್ ನ್ಯೂಟ್ರಾನ್ ಹಾಯಿಸಿ ಹೈಡ್ರೋಜನ್‌ಗಳ ಜಾಗವನ್ನೂ ಕರಾರುವಾಕ್ಕಾಗಿ ಹೇಳಿದರು. ಒಂದು ಘಟಕ ಕೋಶದಲ್ಲಿ, ಅಂದರೆ ಹರಳಿನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ಪೆಟ್ಟಿಗೆಯಲ್ಲಿ, ನಾಲ್ಕು ಅಣುಗಳು. ಇನ್ನು ನಾವು ಮಾಡಲಿರುವ ಅಳತೆಯನ್ನು ಇ. ಆರ್. ಆಂಡ್ರ್ಯೂ ಮತ್ತು ಜೊತೆಗಾರರು 1976ರಲ್ಲಿ ಪ್ರಕಟಿಸಿದರು. ಹಲವಾರು ಅಮೈನೋ ಆಮ್ಲಗಳನ್ನು ಸಾಲಾಗಿ ಅಳೆದು ನೋಡಿದ ಕೆಲಸ ಅದು. ಅಲನೈನ್‌ನ ಮೀಥೈಲ್ ತಿರುಗಲು ಮೋಲ್‌ಗೆ ಸುಮಾರು 22 ಕಿಲೋಜೌಲ್, ಅಮೋನಿಯಂ ತಿರುಗಲು ಸುಮಾರು 39 ಕಿಲೋಜೌಲ್ ಬೇಕು ಎಂಬುದು ಅವರಿಗೆ ಸಿಕ್ಕಿದ ಉತ್ತರ. ಈ ಎರಡು ಸಂಖ್ಯೆಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಳ್ಳಿ. ನಿಮ್ಮ ಕೆಲಸ ಸರಿಯೋ ತಪ್ಪೋ ಎಂದು ನೋಡಲು ಇವೇ ಒರೆಗಲ್ಲು.

ಟಿ1 ಅಂದರೆ ಏನು, ಅದು ಚಲನೆಯನ್ನು ಹೇಗೆ ಹೇಳುತ್ತದೆ

ಪ್ರೋಟಾನ್ ಒಂದು ಪುಟ್ಟ ಅಯಸ್ಕಾಂತ. ಅಯಸ್ಕಾಂತ ಕ್ಷೇತ್ರದಲ್ಲಿ ಇಟ್ಟರೆ ಬುಗುರಿ ತಲೆ ಆಡಿಸುವ ಹಾಗೆ ಅದು ಸುತ್ತುತ್ತದೆ. ಒಂದು ಟೆಸ್ಲಾ ಕ್ಷೇತ್ರದಲ್ಲಿ ಸೆಕೆಂಡಿಗೆ 4.258 ಕೋಟಿ ಸಲ, ಅಂದರೆ 42.58 ಮೆಗಾಹರ್ಟ್ಸ್. ಅದೇ ವೇಗದ ರೇಡಿಯೋ ಅಲೆಯ ಒಂದು ಏಟು (ಪಲ್ಸ್) ಕೊಟ್ಟರೆ ಪ್ರೋಟಾನ್‌ಗಳ ಒಟ್ಟು ಕಾಂತತೆ ಪಕ್ಕಕ್ಕೆ ವಾಲುತ್ತದೆ. ಆಮೇಲೆ ಮೆಲ್ಲಗೆ ಮೊದಲಿನ ಸ್ಥಿತಿಗೆ ವಾಪಸ್ ಬರುತ್ತದೆ. ಆ ವಾಪಸಾತಿಗೆ ಹಿಡಿಯುವ ಕಾಲವೇ ಟಿ1.

ಈಗ ಮುಖ್ಯ ವಿಷಯ. ಪ್ರೋಟಾನ್ ತಾನಾಗಿಯೇ ವಾಪಸ್ ಬರುವುದಿಲ್ಲ. ಯಾರಾದರೂ ತಳ್ಳಬೇಕು. ಪಕ್ಕದ ಪ್ರೋಟಾನ್ ತಿರುಗಿದಾಗ ಅದರ ಅಯಸ್ಕಾಂತ ಕ್ಷೇತ್ರವೂ ಏರಿಳಿಯುತ್ತದೆ. ಆ ಏರಿಳಿತವೇ ತಳ್ಳುವ ಕೈ. ಜೋಕಾಲಿ ಆಡಿಸಿದ್ದೀರಲ್ವಾ? ಜೋಕಾಲಿಯ ತಾಳಕ್ಕೆ ಸರಿಯಾಗಿ ತಳ್ಳಿದರೆ ಅದು ಬೇಗ ಎತ್ತರಕ್ಕೆ ಹೋಗುತ್ತದೆ. ತೀರಾ ಬೇಗ ಬೇಗ ಕೈ ಆಡಿಸಿದರೂ, ತೀರಾ ನಿಧಾನ ಮಾಡಿದರೂ ಏನೂ ಆಗುವುದಿಲ್ಲ. ಇಲ್ಲಿಯೂ ಹಾಗೆಯೇ. ಅಣುವಿನ ಚಲನೆಯ ವೇಗ ಪ್ರೋಟಾನ್‌ನ ಸುತ್ತಿನ ವೇಗಕ್ಕೆ ಹತ್ತಿರ ಬಂದಾಗ ಟಿ1 ಅತ್ಯಂತ ಚಿಕ್ಕದು. ಹರಳನ್ನು ತಣ್ಣಗೆ ಮಾಡಿದರೆ ಚಲನೆ ನಿಧಾನವಾಗಿ ಟಿ1 ಉದ್ದವಾಗುತ್ತದೆ. ಬಿಸಿ ಮಾಡಿದರೆ ಚಲನೆ ಜಾಸ್ತಿ ವೇಗವಾಗಿ ಟಿ1 ಮತ್ತೆ ಉದ್ದವಾಗುತ್ತದೆ. ನಡುವೆ ಒಂದು ತಗ್ಗು. ಆ ತಗ್ಗನ್ನು ಹುಡುಕುವುದೇ ನಮ್ಮ ಕೆಲಸ.

1948ರಲ್ಲಿ ಬ್ಲೋಂಬರ್ಗನ್, ಪರ್ಸೆಲ್, ಪೌಂಡ್ ಇದಕ್ಕೆ ಲೆಕ್ಕ ಕೊಟ್ಟರು. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನು ಬಿಪಿಪಿ ಸಿದ್ಧಾಂತ ಅನ್ನುತ್ತೇವೆ. ಸೂತ್ರ ಹೀಗಿದೆ:

1/ಟಿ1 = ಸಿ × [ ಟೌ/(1 + ಒಮೇಗಾ²·ಟೌ²) + 4·ಟೌ/(1 + 4·ಒಮೇಗಾ²·ಟೌ²) ]

ಟೌ ಅಂದರೆ ಅಣು ಒಂದು ಭಂಗಿಯಲ್ಲಿ ಸರಾಸರಿ ಎಷ್ಟು ಹೊತ್ತು ಇರುತ್ತದೆ ಎಂಬ ಕಾಲ. ಒಮೇಗಾ ಅಂದರೆ ಪ್ರೋಟಾನ್‌ನ ಸುತ್ತಿನ ಕೋನವೇಗ. ಸಿ ಅನ್ನುವುದು ಹೈಡ್ರೋಜನ್‌ಗಳ ನಡುವಿನ ದೂರದಿಂದ ಬರುವ ಸ್ಥಿರಾಂಕ. ಟೌ ಉಷ್ಣತೆಯೊಂದಿಗೆ ಬದಲಾಗುವ ರೀತಿ ಅರೇನಿಯಸ್ ನಿಯಮದ್ದು: ಟೌ ಎಂದರೆ ಟೌ-ಸೊನ್ನೆ ಗುಣಿಸು ಘಾತೀಯ (ತಡೆಶಕ್ತಿ ಭಾಗಿಸು ಆರ್·ಉಷ್ಣತೆ). ತಡೆಶಕ್ತಿ ಅಂದರೆ ತಿರುಗಲು ಬೇಕಾದ ಶಕ್ತಿ, ಆರ್ ಅಂದರೆ ಅನಿಲ ಸ್ಥಿರಾಂಕ 8.314, ಟೌ-ಸೊನ್ನೆ ಉಷ್ಣತೆಯೊಂದಿಗೆ ಬದಲಾಗದ ಒಂದು ಕಾಲ. ಒಮೇಗಾ ಮತ್ತು ಟೌ ಗುಣಿಸಿದಾಗ 0.616 ಬಂದರೆ ಅಲ್ಲೇ ತಗ್ಗು.

ಹೆಜ್ಜೆ 1: ಮೊದಲು ಕಾಗದದ ಮೇಲೆ ಅಳೆಯಿರಿ

ಬಹಳ ಜನ ಈ ಹೆಜ್ಜೆಯನ್ನು ಹಾರಿಸುತ್ತಾರೆ. ದಯವಿಟ್ಟು ಹಾರಿಸಬೇಡಿ. ಯಂತ್ರದ ಮುಂದೆ ಕೂರುವ ಮೊದಲು ಏನು ಕಾಣಬೇಕು ಎಂದು ಗೊತ್ತಿದ್ದರೆ ಅರ್ಧ ತಪ್ಪು ಅಲ್ಲೇ ತಪ್ಪುತ್ತದೆ.

ಮೀಥೈಲ್‌ನಲ್ಲಿ ಎರಡು ಹೈಡ್ರೋಜನ್‌ಗಳ ನಡುವಿನ ದೂರ ಸುಮಾರು 1.78 ಆಂಗ್‌ಸ್ಟ್ರಾಂ. ಇದನ್ನು ಹಾಕಿ ಲೆಕ್ಕ ಮಾಡಿದರೆ ಸಿ ಬೆಲೆ 8.05 × 10⁹ ಬರುತ್ತದೆ, ಏಕಮಾನ ಸೆಕೆಂಡ್ ವರ್ಗದ ವಿಲೋಮ. ಆದರೆ ಇದು ಮೀಥೈಲ್ ಒಂದೇ ಇದ್ದಾಗಿನ ಬೆಲೆ. ನಮ್ಮ ಹರಳಿನಲ್ಲಿ ಏಳು ಪ್ರೋಟಾನ್‌ಗಳಿವೆ, ಮತ್ತು ಅವೆಲ್ಲ ಒಂದಕ್ಕೊಂದು ಶಕ್ತಿ ದಾಟಿಸಿಕೊಳ್ಳುತ್ತವೆ. ಇದನ್ನು ಸ್ಪಿನ್ ಡಿಫ್ಯೂಶನ್ ಅನ್ನುತ್ತಾರೆ. ಒಂದು ಬಾವಿಯಿಂದ ಏಳು ಮನೆಗೆ ನೀರು ಹಂಚಿದ ಹಾಗೆ. ಮೂರು ಪ್ರೋಟಾನ್‌ಗಳ ದುಡಿಮೆಯನ್ನು ಏಳು ಪ್ರೋಟಾನ್‌ಗಳು ಹಂಚಿಕೊಳ್ಳುವುದರಿಂದ 3/7ರಿಂದ ಗುಣಿಸಬೇಕು. ಆಗ ಸಿ 3.45 × 10⁹.

20 ಮೆಗಾಹರ್ಟ್ಸ್ ಯಂತ್ರದಲ್ಲಿ ಅಳೆಯುತ್ತೀರಿ ಅಂದುಕೊಳ್ಳಿ. ಮೇಜಿನ ಮೇಲೆ ಕೂರುವ ಚಿಕ್ಕ ರಿಲ್ಯಾಕ್ಸೋಮೀಟರ್‌ಗಳು (ಟಿ1 ಅಳೆಯುವ ಯಂತ್ರಗಳು) ಸಾಮಾನ್ಯವಾಗಿ ಈ ವೇಗದವು, ಕ್ಷೇತ್ರ 0.47 ಟೆಸ್ಲಾ. ತಗ್ಗಿನಲ್ಲಿ 1/ಟಿ1 ಅಂದರೆ 1.425 ಗುಣಿಸು ಸಿ ಭಾಗಿಸು ಒಮೇಗಾ. ಉತ್ತರ: ಟಿ1 ಸುಮಾರು 26 ಮಿಲಿಸೆಕೆಂಡ್. ಅಮೋನಿಯಂ ಗುಂಪಿನಲ್ಲಿ ಹೈಡ್ರೋಜನ್‌ಗಳು ಇನ್ನೂ ಹತ್ತಿರ, ಸುಮಾರು 1.68 ಆಂಗ್‌ಸ್ಟ್ರಾಂ. ದೂರದ ಆರನೇ ಘಾತ ಕೆಳಗಡೆ ಇರುವುದರಿಂದ ಈ ಚಿಕ್ಕ ವ್ಯತ್ಯಾಸವೇ ದೊಡ್ಡದಾಗುತ್ತದೆ. ಅದರ ತಗ್ಗು ಸುಮಾರು 18 ಮಿಲಿಸೆಕೆಂಡಿಗೆ ಇಳಿಯುತ್ತದೆ.

ಈ ತಗ್ಗುಗಳು ಯಾವ ಉಷ್ಣತೆಯಲ್ಲಿ? ಟೌ-ಸೊನ್ನೆಯನ್ನು ಸದ್ಯಕ್ಕೆ 10⁻¹³ ಸೆಕೆಂಡ್ ಅಂದುಕೊಳ್ಳಿ. 22 ಕಿಲೋಜೌಲ್ ತಡೆಗೆ ತಗ್ಗು ಸುಮಾರು 245 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 28 ಡಿಗ್ರಿ ಸೆಲ್ಸಿಯಸ್. 39 ಕಿಲೋಜೌಲ್‌ಗೆ ಸುಮಾರು 434 ಕೆಲ್ವಿನ್, ಅಂದರೆ 160 ಡಿಗ್ರಿ. ನಡುವೆ 50 ಡಿಗ್ರಿಯ ಆಸುಪಾಸಿನಲ್ಲಿ ಒಂದು ದಿಬ್ಬ, ಅಲ್ಲಿ ಟಿ1 ಸುಮಾರು 0.1 ಸೆಕೆಂಡ್. 150 ಕೆಲ್ವಿನ್‌ಗೆ ಇಳಿದರೆ ಟಿ1 ಹತ್ತು ಸೆಕೆಂಡಿನ ಹತ್ತಿರ ಏರುತ್ತದೆ. ಈ ರೇಖೆಯನ್ನು ಗ್ರಾಫ್ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಎಳೆದು ಗೋಡೆಗೆ ಅಂಟಿಸಿ. ನಿಮ್ಮ ಹರಳಿನ ನಿಜವಾದ ಬಿಂದುಗಳು ಇದಕ್ಕಿಂತ ಆಚೀಚೆ ಬೀಳುತ್ತವೆ. ಆದರೆ ಎರಡು ತಗ್ಗು, ನಡುವೆ ದಿಬ್ಬ, ಈ ಆಕಾರ ಬರಲೇಬೇಕು.

ಒಂದು ಮಾತು. ಎತ್ತರದ ಆವರ್ತನದ ಯಂತ್ರವೇ ಒಳ್ಳೆಯದು ಅಂತ ಹಲವರ ನಂಬಿಕೆ. ಈ ಕೆಲಸಕ್ಕೆ ಹಾಗಲ್ಲ. ಆವರ್ತನ ಏರಿದಷ್ಟೂ ತಗ್ಗುಗಳು ಬಿಸಿಯ ಕಡೆಗೆ ಸರಿಯುತ್ತವೆ. 500 ಮೆಗಾಹರ್ಟ್ಸ್‌ನಲ್ಲಿ ಅಮೋನಿಯಂನ ತಗ್ಗು ಅಲನೈನ್ ಹಾಳಾಗುವ ಬಿಸಿಯ ಕಡೆಗೆ ಓಡಿಹೋಗುತ್ತದೆ. ಇಲ್ಲಿ ಚಿಕ್ಕ ಯಂತ್ರವೇ ಗೆಲ್ಲುತ್ತದೆ.

ಹೆಜ್ಜೆ 2: ಹರಳು ಬೆಳೆಸುವುದು

ಅಂಗಡಿಯ ಅಲನೈನ್ ಪುಡಿಯನ್ನು ನೇರವಾಗಿ ಟ್ಯೂಬಿಗೆ ಹಾಕಬೇಡಿ. ಶುದ್ಧ ಅಂತ ಬಾಟಲಿ ಮೇಲೆ ಬರೆದಿದ್ದರೂ ಬೇಡ. 25 ಡಿಗ್ರಿಯಲ್ಲಿ 100 ಮಿಲಿಲೀಟರ್ ನೀರಿಗೆ ಸುಮಾರು 16.5 ಗ್ರಾಂ ಕರಗುತ್ತದೆ. 50 ಮಿಲಿಲೀಟರ್ ಡಿಅಯಾನೈಸ್ಡ್ ನೀರಿಗೆ 9 ಗ್ರಾಂ ಹಾಕಿ. 50 ಡಿಗ್ರಿಗೆ ಬಿಸಿ ಮಾಡಿ ಕರಗಿಸಿ, ಬಿಸಿ ಇರುವಾಗಲೇ ಸೋಸಿ. ಬೀಕರಿನ ಬಾಯಿಗೆ ಸೋಸು ಕಾಗದ ಮುಚ್ಚಿ, ನಾಲ್ಕಾರು ಸೂಜಿ ತೂತು ಮಾಡಿ, ಯಾರೂ ಮುಟ್ಟದ ಕಪಾಟಿನಲ್ಲಿ ಇಡಿ. ಒಂದೆರಡು ವಾರದಲ್ಲಿ ತಳದಲ್ಲಿ ಉದ್ದನೆಯ ತಿಳಿ ಹರಳುಗಳು ಬೆಳೆದಿರುತ್ತವೆ. ಅವನ್ನು ತೆಗೆದು, ಮತ್ತೆ ಕರಗಿಸಿ, ಇನ್ನೊಂದು ಸಲ ಬೆಳೆಸಿ.

ಎರಡು ಸಲ ಯಾಕೆ ಅಂದರೆ ಲೋಹಕ್ಕಾಗಿ. ಅಮೈನೋ ಆಮ್ಲಗಳಿಗೆ ತಾಮ್ರದ ಅಯಾನ್ ಕಂಡರೆ ಅಂಟಿಕೊಳ್ಳುವ ಗುಣ. ತಾಮ್ರ, ಕಬ್ಬಿಣದ ಅಯಾನ್‌ಗಳಲ್ಲಿ ಜೋಡಿಯಾಗದ ಎಲೆಕ್ಟ್ರಾನ್ ಇರುತ್ತದೆ. ಎಲೆಕ್ಟ್ರಾನ್‌ನ ಅಯಸ್ಕಾಂತ ಪ್ರೋಟಾನ್‌ಗಿಂತ ಸುಮಾರು 660 ಪಟ್ಟು ಜೋರು. ಹರಳಿನಲ್ಲಿ ಅಂಥವು ತುಸುವೇ ಇದ್ದರೂ ಸಾಕು, ಪ್ರೋಟಾನ್‌ಗಳು ಅದರ ಮೂಲಕವೇ ವಾಪಸ್ ಬಂದುಬಿಡುತ್ತವೆ. ಆಗ ನೀವು ಅಳೆಯುವುದು ಮೀಥೈಲ್‌ನ ಚಲನೆಯನ್ನಲ್ಲ, ತಾಮ್ರದ ಕೊಳೆಯನ್ನು.

ನನಗೆ ಇದು ಪುಸ್ತಕದಿಂದ ತಿಳಿದದ್ದಲ್ಲ. ಮೊದಲ ಸಲ ನಾನು ಬೆಳೆಸಿದ ಹರಳಿನಲ್ಲಿ ಬಿಸಿ ಕಡೆಯ ಬಿಂದುಗಳು ಚೆನ್ನಾಗಿ ಬಂದವು. ತಣ್ಣಗೆ ಮಾಡುತ್ತಾ ಹೋದಾಗ ಟಿ1 ಏರಬೇಕಿತ್ತು. ಏರಿತು, ಆಮೇಲೆ ಒಂದೂವರೆ ಸೆಕೆಂಡಿನ ಹತ್ತಿರ ಮಟ್ಟಸವಾಗಿ ನಿಂತುಬಿಟ್ಟಿತು. ಉಷ್ಣತೆ ಎಷ್ಟು ಇಳಿಸಿದರೂ ಕದಲಲಿಲ್ಲ. ಮೂರು ವಾರ ಯಂತ್ರವನ್ನು ಅನುಮಾನಿಸಿದೆ. ಕೊನೆಗೆ ನೋಡಿದರೆ ನಾನು ಬಳಸಿದ ಡಿಸ್ಟಿಲ್ಡ್ ನೀರು ಹಳೆಯ ಲೋಹದ ಬಟ್ಟಿಪಾತ್ರೆಯಿಂದ ಬಂದದ್ದು, ಅಳೆದು ಹಾಕಿದ್ದು ಸವೆದ ಲೋಹದ ಚಮಚದಲ್ಲಿ. ಹರಳು ಕಣ್ಣಿಗೆ ತಿಳಿಯಾಗಿಯೇ ಇತ್ತು. ನೀರು ಬದಲಿಸಿ, ಪ್ಲಾಸ್ಟಿಕ್ ಚಮಚ ಹಿಡಿದು, ಎರಡು ಸಲ ಹರಳು ಮಾಡಿದ ಮೇಲೆ ಅದೇ ಉಷ್ಣತೆಯಲ್ಲಿ ಟಿ1 ಏರುತ್ತಾ ಹೋಯಿತು. ಆ ಗ್ರಾಫ್ ಇವತ್ತಿಗೂ ನನ್ನ ಹತ್ತಿರ ಇದೆ. ತಣ್ಣನೆ ಕಡೆ ರೇಖೆ ಮಟ್ಟಸವಾದರೆ ಮೊದಲು ಸ್ಯಾಂಪಲ್ಲನ್ನು ಅನುಮಾನಿಸಿ.

ಹೆಜ್ಜೆ 3: ಪುಡಿ, ಒಣಗಿಸುವುದು, ಟ್ಯೂಬು ಮುಚ್ಚುವುದು

ಹರಳನ್ನು ಅಗೇಟ್ ಕುಟ್ಟಾಣಿಯಲ್ಲಿ ಮೆಲ್ಲಗೆ ಪುಡಿ ಮಾಡಿ. ರವೆಯಷ್ಟು ಇದ್ದರೆ ಸಾಕು, ಮೈದಾ ಆಗಬೇಕಿಲ್ಲ. ಜಾಸ್ತಿ ಅರೆದರೆ ಹರಳಿನ ಜೋಡಣೆಯೇ ಕೆಡುತ್ತದೆ. 10 ಮಿಲಿಮೀಟರ್ ಗಾಜಿನ ಟ್ಯೂಬಿಗೆ ಸುಮಾರು ಅರ್ಧ ಗ್ರಾಂ ಹಾಕಿ. ಪುಡಿಯ ಎತ್ತರ 10 ಮಿಲಿಮೀಟರ್ ದಾಟದಿರಲಿ. ಪಲ್ಸ್ ಕೊಡುವ ತಂತಿ ಸುರುಳಿಯ ಹೊರಗೆ ಚಾಚಿಕೊಂಡ ಪುಡಿಗೆ ಪಲ್ಸ್ ಸರಿಯಾಗಿ ತಾಗುವುದಿಲ್ಲ, ಉಷ್ಣತೆಯೂ ಒಂದೇ ಇರುವುದಿಲ್ಲ.

ವ್ಯಾಕ್ಯೂಮ್ ಪಂಪಿಗೆ ಜೋಡಿಸಿ, 60 ಡಿಗ್ರಿಯಲ್ಲಿ ರಾತ್ರಿಯಿಡೀ ಎಳೆಯಲು ಬಿಡಿ. ಎರಡು ಶತ್ರುಗಳು ಹೊರಹೋಗಬೇಕು: ನೀರು ಮತ್ತು ಆಮ್ಲಜನಕ. ನೀರಿನಲ್ಲಿ ಪ್ರೋಟಾನ್ ಇದೆ. ಗಾಳಿಯ ಆಮ್ಲಜನಕದಲ್ಲಿ ಜೋಡಿಯಾಗದ ಎಲೆಕ್ಟ್ರಾನ್ ಇದೆ. ಪುಡಿಯ ಮೇಲ್ಮೈಗೆ ಅದು ಅಂಟಿಕೊಂಡರೆ ಟಿ1 ಉದ್ದ ಇರುವ ತಣ್ಣನೆ ಕಡೆಯಲ್ಲಿ ತೊಂದರೆ ಕೊಡುತ್ತದೆ. ಆಮೇಲೆ ಸ್ವಲ್ಪ ಒಣ ನೈಟ್ರೋಜನ್ ಬಿಟ್ಟು, ಟ್ಯೂಬಿನ ಕತ್ತನ್ನು ಬೆಂಕಿಯಲ್ಲಿ ಕರಗಿಸಿ ಮುಚ್ಚಿ. ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯೇ ಇರಲಿ, ಇಲ್ಲದಿದ್ದರೆ ಕರಗಿದ ಗಾಜು ಉಬ್ಬಿ ಒಡೆಯುತ್ತದೆ. ಕನ್ನಡಕ ಹಾಕಿಕೊಂಡೇ ಮಾಡಿ. ಪುಡಿ ಇರುವ ತಳಕ್ಕೆ ಒದ್ದೆ ಬಟ್ಟೆ ಸುತ್ತಿ, ಬಿಸಿ ಅಲ್ಲಿವರೆಗೆ ಇಳಿಯಬಾರದು. ಟ್ಯೂಬಿನ ಹೊರಗಡೆ ಸುರುಳಿಯ ಹತ್ತಿರ ಟೇಪು, ಲೇಬಲ್ಲು, ಗ್ರೀಸು ಯಾವುದೂ ಬೇಡ. ಅವುಗಳಲ್ಲೂ ಪ್ರೋಟಾನ್ ಇದೆ.

ಹೆಜ್ಜೆ 4: ಸಿಗ್ನಲ್ ಹಿಡಿಯುವುದು

ದ್ರವದ ಎನ್‌ಎಂಆರ್ ಮಾಡಿ ರೂಢಿಯಾದವರಿಗೆ ಇಲ್ಲಿ ಮೊದಲ ಆಘಾತ. ದ್ರವದಲ್ಲಿ ಸಿಗ್ನಲ್ ಸೆಕೆಂಡುಗಟ್ಟಲೆ ಉಳಿಯುತ್ತದೆ. ಹರಳಿನಲ್ಲಿ 20-30 ಮೈಕ್ರೋಸೆಕೆಂಡಿನಲ್ಲಿ ಮುಗಿದೇಹೋಯಿತು. ಪಲ್ಸ್ ಕೊಟ್ಟ ಮೇಲೆ ರಿಸೀವರ್ ಎಚ್ಚರಗೊಳ್ಳಲು ಸುಮಾರು 10 ಮೈಕ್ರೋಸೆಕೆಂಡ್ ಬೇಕು. ಅಷ್ಟರಲ್ಲಿ ಸಿಗ್ನಲ್‌ನ ದೊಡ್ಡ ಪಾಲು ಹೋಗಿರುತ್ತದೆ.

ಇದಕ್ಕೆ ಮದ್ದು ಸಾಲಿಡ್ ಎಕೋ. ಒಂದು 90 ಡಿಗ್ರಿ ಪಲ್ಸ್ (ಕಾಂತತೆಯನ್ನು 90 ಡಿಗ್ರಿ ವಾಲಿಸುವ ಏಟು) ಕೊಟ್ಟು, 10-12 ಮೈಕ್ರೋಸೆಕೆಂಡ್ ಬಿಟ್ಟು, ಫೇಸನ್ನು 90 ಡಿಗ್ರಿ ತಿರುಗಿಸಿ ಇನ್ನೊಂದು 90 ಡಿಗ್ರಿ ಪಲ್ಸ್ ಕೊಡಿ. ಚದುರಿದ ಸಿಗ್ನಲ್ ಮತ್ತೆ ಒಟ್ಟಾಗಿ ಎದ್ದು ಬರುತ್ತದೆ, ರಿಸೀವರ್ ಆಗ ಎಚ್ಚರವಿರುತ್ತದೆ. ಪಲ್ಸ್ 3 ಮೈಕ್ರೋಸೆಕೆಂಡಿಗಿಂತ ಉದ್ದ ಇದ್ದರೆ ಒಳ್ಳೆಯದಲ್ಲ. ಸ್ಯಾಂಪಲ್ ಮೇಲೆಯೇ 90 ಡಿಗ್ರಿಯ ಉದ್ದವನ್ನು ಹೊಂದಿಸಿಕೊಳ್ಳಿ. ಮೊದಲು ಖಾಲಿ ಟ್ಯೂಬ್ ಇಟ್ಟು ಅಳೆದು, ಪ್ರೋಬ್‌ನದೇ (ಟ್ಯೂಬು ಕೂರುವ ಭಾಗದ್ದೇ) ಸಿಗ್ನಲ್ ಎಷ್ಟಿದೆ ಎಂದು ನೋಡಿ ಬರೆದಿಡಿ.

ಹೆಜ್ಜೆ 5: ಟಿ1 ಅಳೆಯುವುದು

ಎರಡು ದಾರಿಗಳಿವೆ. ಇನ್ವರ್ಶನ್ ರಿಕವರಿಯಲ್ಲಿ ಕಾಂತತೆಯನ್ನು ತಲೆಕೆಳಗು ಮಾಡಿ ಅದು ಮೇಲೇಳುವುದನ್ನು ನೋಡುತ್ತೀರಿ. ಸ್ಯಾಚುರೇಶನ್ ರಿಕವರಿಯಲ್ಲಿ ಹತ್ತಾರು 90 ಡಿಗ್ರಿ ಪಲ್ಸ್‌ಗಳ ಸರಣಿ ಕೊಟ್ಟು ಕಾಂತತೆಯನ್ನು ಸೊನ್ನೆ ಮಾಡಿ, ಅಲ್ಲಿಂದ ಏಳುವುದನ್ನು ನೋಡುತ್ತೀರಿ. ಈ ಕೆಲಸಕ್ಕೆ ನಾನು ಎರಡನೆಯದನ್ನೇ ಹೇಳುತ್ತೇನೆ. ಮೊದಲನೆಯದರಲ್ಲಿ ಪ್ರತಿ ಸಲ ಟಿ1ರ ಐದು ಪಟ್ಟು ಕಾಯಬೇಕು. ಟಿ1 ಹತ್ತು ಸೆಕೆಂಡ್ ಇದ್ದರೆ ಪ್ರತಿ ಬಿಂದುವಿಗೆ ಐವತ್ತು ಸೆಕೆಂಡ್ ಸುಮ್ನೆ ಹೋಗುತ್ತದೆ. ಎರಡನೆಯದರಲ್ಲಿ ಪ್ರತಿ ಸಲವೂ ಸೊನ್ನೆಯಿಂದಲೇ ಶುರು, ಹಾಗಾಗಿ ಕಾಯುವ ಕೆಲಸ ಇಲ್ಲ.

ಆದರೆ ತ್ವರಿತ ಅಂದಾಜಿಗೆ ಇನ್ವರ್ಶನ್ ಬಹಳ ಉಪಯೋಗ. ಸಿಗ್ನಲ್ ಸೊನ್ನೆ ದಾಟುವ ಕಾಲವನ್ನು 0.693ರಿಂದ ಭಾಗಿಸಿದರೆ ಟಿ1 ಸಿಕ್ಕಿತು. ಒಂದು ನಿಮಿಷದ ಕೆಲಸ. ಆ ಅಂದಾಜು ಕೈಯಲ್ಲಿ ಹಿಡಿದು ಕಾಲಗಳ ಪಟ್ಟಿ ಮಾಡಿ. ಟಿ1 80 ಮಿಲಿಸೆಕೆಂಡ್ ಇದ್ದರೆ 1 ಮಿಲಿಸೆಕೆಂಡಿನಿಂದ 400 ಮಿಲಿಸೆಕೆಂಡಿನವರೆಗೆ 16 ಬಿಂದುಗಳು. ಸಮ ಅಂತರ ಬೇಡ, ಲಾಗರಿತಮ್ ಲೆಕ್ಕದಲ್ಲಿ ಹಂಚಿ. ಪ್ರತಿ ಹೊಸ ಉಷ್ಣತೆಗೂ ಪಟ್ಟಿ ಬದಲಾಗಬೇಕು. ಒಂದೇ ಪಟ್ಟಿಯನ್ನು ಎಲ್ಲ ಕಡೆ ಬಳಸಿದರೆ ತಗ್ಗಿನಲ್ಲಿ ಎಲ್ಲ ಬಿಂದುಗಳೂ ಮೇಲಕ್ಕೆ ಹೋಗಿ ಕೂತಿರುತ್ತವೆ.

ವಾಪಸ್ ಬರಲು ಇನ್ನೂ ಬಾಕಿ ಇರುವ ಕಾಂತತೆಯ ಲಾಗರಿತಮ್ ಹಾಕಿ ನೋಡಿದಾಗ ನೇರ ಗೆರೆ ಬರಬೇಕು. ಕೆಲವೊಮ್ಮೆ ಸ್ವಲ್ಪ ಬಾಗುತ್ತದೆ. ಮೀಥೈಲ್‌ನ ಮೂರು ಹೈಡ್ರೋಜನ್‌ಗಳು ಒಟ್ಟಿಗೇ ತಿರುಗುವುದರಿಂದ ಬರುವ ಬಾಗು ಇದು ಎಂದು ಹಿಲ್ಟ್ ಮತ್ತು ಹಬಾರ್ಡ್ 1964ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಬಾಗು ಚಿಕ್ಕದಾಗಿದ್ದರೆ ಶುರುವಿನ ಇಳಿಜಾರನ್ನು ತೆಗೆದುಕೊಳ್ಳಿ. ದೊಡ್ಡದಾಗಿದ್ದರೆ ಸ್ಯಾಂಪಲ್‌ನಲ್ಲಿ ನೀರಿದೆಯಾ ಎಂದು ನೋಡಿ.

ಹೆಜ್ಜೆ 6: ಉಷ್ಣತೆ, ನಿಜವಾದ ಕಷ್ಟ ಇಲ್ಲಿದೆ

ಟಿ1 ಅಳತೆಯಲ್ಲಿ ನೂರಕ್ಕೆ ಐದರಷ್ಟು ತಪ್ಪಿದ್ದರೆ ತಡೆಶಕ್ತಿಗೆ ಅಷ್ಟೇನೂ ಪೆಟ್ಟಾಗುವುದಿಲ್ಲ. ಉಷ್ಣತೆ ತಪ್ಪಿದರೆ ಎಲ್ಲ ತಪ್ಪುತ್ತದೆ. ಯಂತ್ರದ ಪರದೆ ತೋರಿಸುವ ಸಂಖ್ಯೆ ಗಾಳಿಯ ಉಷ್ಣತೆ, ನಿಮ್ಮ ಪುಡಿಯದ್ದಲ್ಲ.

ಹೀಗೆ ಮಾಡಿ. ಇನ್ನೊಂದು ಟ್ಯೂಬಿಗೆ ಅದೇ ಎತ್ತರಕ್ಕೆ ಅಲನೈನ್ ಪುಡಿ ತುಂಬಿ. ತಾಮ್ರ-ಕಾನ್‌ಸ್ಟಂಟನ್ ಥರ್ಮೋಕಪಲ್‌ನ ತೆಳು ತುದಿಯನ್ನು ಪುಡಿಯ ಮಧ್ಯದಲ್ಲಿ ಹುಗಿದು ಪ್ರೋಬ್‌ಗೆ ಇಳಿಸಿ. ಮೈನಸ್ 120ರಿಂದ 160 ಡಿಗ್ರಿವರೆಗೆ ಇಪ್ಪತ್ತು ಡಿಗ್ರಿಗೊಮ್ಮೆ ಪರದೆಯ ಸಂಖ್ಯೆ ಒಂದು ಕಾಲಮ್ಮಿನಲ್ಲಿ, ಥರ್ಮೋಕಪಲ್ ಸಂಖ್ಯೆ ಇನ್ನೊಂದರಲ್ಲಿ ಬರೆಯಿರಿ. ಗಾಳಿಯ ಹರಿವನ್ನು ಆಮೇಲೆ ಬದಲಿಸಬೇಡಿ. ನಿಜವಾದ ಸ್ಯಾಂಪಲ್ ಅಳೆಯುವಾಗ ತಂತಿ ಒಳಗಿರುವುದು ಬೇಡ, ಅದು ಗದ್ದಲ ಹಿಡಿದು ತರುತ್ತದೆ.

ಪ್ರತಿ ಉಷ್ಣತೆಯಲ್ಲೂ 15 ನಿಮಿಷ ಕಾಯಿರಿ. ಪುಡಿ ಶಾಖವನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸರಿಯಾಗಿ ನಿಂತಿದೆಯಾ ಎಂದು ನೋಡಲು ಟಿ1ನ್ನೇ ಐದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಿರಿ. ಎರಡೂ ಒಂದೇ ಬಂದರೆ ಮುಂದೆ ಹೋಗಿ. ತಗ್ಗಿನ ಹತ್ತಿರ 5 ಡಿಗ್ರಿಗೊಮ್ಮೆ, ಇಳಿಜಾರಿನಲ್ಲಿ 10 ಡಿಗ್ರಿಗೊಮ್ಮೆ ಸಾಕು. ಮೊದಲು ತಣ್ಣನೆ ಕಡೆ ಮುಗಿಸಿ, ಬಿಸಿಯನ್ನು ಕೊನೆಗೆ ಇಟ್ಟುಕೊಳ್ಳಿ. ಬಿಸಿಯಲ್ಲಿ ಏನಾದರೂ ಕೆಟ್ಟರೂ ತಣ್ಣನೆಯ ಬಿಂದುಗಳು ಕೈಯಲ್ಲಿರುತ್ತವೆ. ಎಲ್ಲ ಮುಗಿದ ಮೇಲೆ ಕೋಣೆಯ ಉಷ್ಣತೆಗೆ ವಾಪಸ್ ಬಂದು ಇನ್ನೊಮ್ಮೆ ಅಳೆಯಿರಿ. ಮೊದಲಿನದೇ ಬಂದರೆ ಸ್ಯಾಂಪಲ್ ಕ್ಷೇಮ.

ಹೆಜ್ಜೆ 7: ರೇಖೆಯಿಂದ ಉತ್ತರಕ್ಕೆ

ಅಡ್ಡಗೆರೆಯಲ್ಲಿ 1000 ಭಾಗಿಸು ಕೆಲ್ವಿನ್, ಉದ್ದಗೆರೆಯಲ್ಲಿ ಟಿ1ರ ಸ್ವಾಭಾವಿಕ ಲಾಗರಿತಮ್. ಮೀಥೈಲ್ ತಗ್ಗಿನಿಂದ ದೂರದ ತಣ್ಣನೆ ಕಡೆ ನೇರ ಗೆರೆ ಸಿಗುತ್ತದೆ. ಅದರ ಇಳಿಜಾರನ್ನು 8.314ರಿಂದ ಗುಣಿಸಿದರೆ ಕಿಲೋಜೌಲ್‌ನಲ್ಲಿ ತಡೆಶಕ್ತಿ. 22 ಕಿಲೋಜೌಲ್‌ಗೆ ಇಳಿಜಾರು 2.65 ಬರಬೇಕು. ಬೇರೆ ಮಾತಿನಲ್ಲಿ, 200 ಕೆಲ್ವಿನ್‌ನಿಂದ 182 ಕೆಲ್ವಿನ್‌ಗೆ ಇಳಿದಾಗ ಟಿ1 ಸುಮಾರು 3.7 ಪಟ್ಟು ಆಗಬೇಕು. ಯಂತ್ರದ ಮುಂದೆಯೇ ಇದನ್ನು ಕ್ಯಾಲ್ಕುಲೇಟರ್‌ನಲ್ಲಿ ನೋಡಿಕೊಳ್ಳಬಹುದು.

ಆಮೇಲೆ ಪೂರ್ತಿ ರೇಖೆಯನ್ನು ಎರಡು ಚಲನೆಗಳ ಮೊತ್ತವಾಗಿ ಹೊಂದಿಸಿ. ಮೀಥೈಲ್‌ಗೆ ಒಂದು ಸಿ, ಒಂದು ಟೌ-ಸೊನ್ನೆ, ಒಂದು ತಡೆಶಕ್ತಿ. ಅಮೋನಿಯಂಗೆ ಇನ್ನೊಂದು ಜೊತೆ. ಆರು ಸಂಖ್ಯೆಗಳನ್ನು ಒಟ್ಟಿಗೆ ಸಡಿಲ ಬಿಟ್ಟರೆ ಕಂಪ್ಯೂಟರ್ ಏನನ್ನಾದರೂ ಹೊಂದಿಸಿ ಕೊಡುತ್ತದೆ. ಹಾಗೆ ಬಿಡಬೇಡಿ. ಮೊದಲು ಎರಡೂ ಸಿಗಳನ್ನು ಕಾಗದದ ಲೆಕ್ಕದ ಬೆಲೆಗೆ ಕಟ್ಟಿ, ಉಳಿದ ನಾಲ್ಕನ್ನು ಹುಡುಕಿ. ಕೊನೆಯಲ್ಲಿ ಸಿಗಳನ್ನು ಬಿಟ್ಟು ನೋಡಿ. ಅವು ನೂರಕ್ಕೆ ಹತ್ತಿಪ್ಪತ್ತು ಕದಲಿದರೆ ಸಹಜ. ಅಣುಗಳ ನಡುವಿನ ಪ್ರೋಟಾನ್‌ಗಳೂ ಒಂದಿಷ್ಟು ತಳ್ಳುತ್ತವೆ. ಇಮ್ಮಡಿಯಾದರೆ ಎಲ್ಲೋ ತಪ್ಪಿದೆ. ಟೌ-ಸೊನ್ನೆ 10⁻¹²ರಿಂದ 10⁻¹⁴ರ ನಡುವೆ ಬರದಿದ್ದರೆ ಉಷ್ಣತೆಯ ಪಟ್ಟಿಯನ್ನು ಮತ್ತೆ ತೆಗೆಯಿರಿ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಬೇರೆ ಆವರ್ತನದ ಯಂತ್ರ ಸಿಕ್ಕರೆ ಅದೇ ಟ್ಯೂಬನ್ನು ಅಲ್ಲಿ ಅಳೆಯಿರಿ. ಆವರ್ತನ ಎರಡು ಪಟ್ಟಾದರೆ ಮೀಥೈಲ್ ತಗ್ಗಿನ ತಣ್ಣನೆ ಕಡೆ ಟಿ1 ನಾಲ್ಕು ಪಟ್ಟಾಗಬೇಕು. ತಗ್ಗಿನ ಬಿಸಿ ಕಡೆ, ಅಮೋನಿಯಂ ಇನ್ನೂ ತಲೆಹಾಕದ ಜಾಗದಲ್ಲಿ, ಟಿ1 ಹೆಚ್ಚುಕಡಿಮೆ ಹಾಗೇ ಇರಬೇಕು. ಎರಡೂ ಆದರೆ ನೀವು ನೋಡುತ್ತಿರುವುದು ನಿಜವಾಗಿಯೂ ಅಣುವಿನ ಚಲನೆ.

ಹೆಜ್ಜೆ 8: ಇದು ಮೀಥೈಲ್, ಅದು ಅಮೋನಿಯಂ ಎಂದು ಹೇಗೆ ಗೊತ್ತು?

ತಣ್ಣನೆಯ ತಗ್ಗು ಮೀಥೈಲ್‌ನದು ಅಂತ ಇಲ್ಲಿಯವರೆಗೆ ನಂಬಿಕೊಂಡು ಬಂದಿದ್ದೇವೆ. ತೋರಿಸಬೇಕಲ್ವಾ? ಭಾರಜಲದಿಂದ ಅದು ಸಾಧ್ಯ. ಅಲನೈನ್ ಅನ್ನು ಭಾರಜಲದಲ್ಲಿ ಕರಗಿಸಿ, ವ್ಯಾಕ್ಯೂಮ್‌ನಲ್ಲಿ ಒಣಗಿಸಿ. ಮೂರು ಸಲ ಹೀಗೆ ಮಾಡಿ. ಸಾರಜನಕದ ಮೇಲಿನ ಮೂರು ಹೈಡ್ರೋಜನ್‌ಗಳು ಹೋಗಿ ಡ್ಯುಟೀರಿಯಂ (ಭಾರದ ಹೈಡ್ರೋಜನ್) ಬಂದು ಕೂರುತ್ತದೆ. ಕಾರ್ಬನ್ ಮೇಲಿನವು ಕದಲುವುದಿಲ್ಲ. ಹೊರಗಿನ ತೇವ ತಾಗಿದರೆ ಡ್ಯುಟೀರಿಯಂ ಮತ್ತೆ ಹೊರಟುಹೋಗುತ್ತದೆ, ಹಾಗಾಗಿ ಟ್ಯೂಬು ತುಂಬುವ ಕೆಲಸ ಒಣ ಪೆಟ್ಟಿಗೆಯೊಳಗೆ.

ಈಗ ಪ್ರೋಟಾನ್‌ಗಳು ನಾಲ್ಕೇ, ಅದರಲ್ಲಿ ಮೂರು ಮೀಥೈಲ್‌ನದು. ಹಂಚಿಕೆಯ ಲೆಕ್ಕ 3/7ರಿಂದ 3/4ಕ್ಕೆ ಏರಿತು. 20 ಮೆಗಾಹರ್ಟ್ಸ್‌ನಲ್ಲಿ ಮೀಥೈಲ್ ತಗ್ಗು 26ರಿಂದ ಸುಮಾರು 15 ಮಿಲಿಸೆಕೆಂಡಿಗೆ ಇಳಿಯಬೇಕು. ಬಿಸಿ ಕಡೆಯ ತಗ್ಗು ಬಹುತೇಕ ಮಾಯವಾಗಬೇಕು. ಮೊದಲ ಸಲ ಈ ಎರಡೂ ಒಟ್ಟಿಗೆ ಕಣ್ಣೆದುರು ಆದಾಗ ಆಗುವ ಖುಷಿಗೆ ಹೋಲಿಕೆ ಇಲ್ಲ.

ಟಿ1 ಸಾಲದಿದ್ದಾಗ

ಟಿ1 ವೇಗ ಹೇಳುತ್ತದೆ, ಚಲನೆಯ ಆಕಾರ ಹೇಳುವುದಿಲ್ಲ. ಆಕಾರಕ್ಕೆ ಡ್ಯುಟೀರಿಯಂ ಎನ್‌ಎಂಆರ್ ಬೇಕು. ಮೀಥೈಲ್‌ಗೆ ಡ್ಯುಟೀರಿಯಂ ಹಾಕಿದ ಅಲನೈನ್‌ನಲ್ಲಿ ಚಲನೆ ನಿಂತಿದ್ದರೆ ಸ್ಪೆಕ್ಟ್ರಂನ ಎರಡು ಕೊಂಬುಗಳ ನಡುವೆ ಸುಮಾರು 125 ಕಿಲೋಹರ್ಟ್ಸ್ ಅಂತರ. ಮೀಥೈಲ್ ತಿರುಗತೊಡಗಿದರೆ ಅದು ಮೂರನೇ ಒಂದು ಭಾಗಕ್ಕೆ, ಸುಮಾರು 40 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. 1983ರಲ್ಲಿ ಬ್ಯಾಚೆಲ್ಡರ್, ನಿಯು, ಟಾರ್ಚಿಯಾ ಅಮೈನೋ ಆಮ್ಲಗಳ ಮೀಥೈಲ್‌ಗಳನ್ನು ಡ್ಯುಟೀರಿಯಂನಿಂದಲೇ ಅಳೆದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಎಂಆರ್ ಸಂಶೋಧನಾ ಕೇಂದ್ರದಂಥ ಕಡೆ ಘನವಸ್ತುಗಳಿಗೆ ಬೇಕಾದ ದೊಡ್ಡ ಯಂತ್ರಗಳಿವೆ. ಮ್ಯಾಜಿಕ್ ಆಂಗಲ್‌ನಲ್ಲಿ, ಅಂದರೆ ಕ್ಷೇತ್ರಕ್ಕೆ ಒಂದು ನಿರ್ದಿಷ್ಟ ಓರೆಯಲ್ಲಿ, ಸ್ಯಾಂಪಲ್ ತಿರುಗಿಸಿ ಕಾರ್ಬನ್-13 ನೋಡಿದರೆ ಅಲನೈನ್‌ನ ಮೂರು ಕಾರ್ಬನ್‌ಗಳೂ 178, 51, 20 ಪಿಪಿಎಂ (ಸ್ಪೆಕ್ಟ್ರಂನಲ್ಲಿ ಗೆರೆಯ ಜಾಗ ಹೇಳುವ ಅಳತೆ) ಹತ್ತಿರ ಬೇರೆ ಬೇರೆಯಾಗಿ ನಿಲ್ಲುತ್ತವೆ. ಒಂದೊಂದರ ಟಿ1ನ್ನೂ ಪ್ರತ್ಯೇಕ ಅಳೆಯಬಹುದು.

ಎಲೆಕ್ಟ್ರಾನ್ ಸ್ಪಿನ್ ಅನುರಣನ, ಅಂದರೆ ಇಎಸ್ಆರ್, ಇದನ್ನೇ ಇನ್ನೊಂದು ಕಿಟಕಿಯಿಂದ ತೋರಿಸುತ್ತದೆ. ಅಲನೈನ್ ಹರಳಿಗೆ ಗಾಮಾ ಕಿರಣ ಬಿದ್ದಾಗ ಅಮೋನಿಯಂ ಗುಂಪು ಕಳಚಿ ಒಂದು ರ್‍ಯಾಡಿಕಲ್, ಅಂದರೆ ಜೋಡಿಯಾಗದ ಎಲೆಕ್ಟ್ರಾನ್ ಇರುವ ತುಣುಕು, ಉಳಿಯುತ್ತದೆ. ಕೋಣೆಯ ಉಷ್ಣತೆಯಲ್ಲಿ ಅದರ ಸ್ಪೆಕ್ಟ್ರಂನಲ್ಲಿ ಐದು ಗೆರೆಗಳು, ಎತ್ತರದ ಅನುಪಾತ 1:4:6:4:1. ಮೀಥೈಲ್ ಎಷ್ಟು ಬೇಗ ತಿರುಗುತ್ತದೆಂದರೆ ಅದರ ಮೂರು ಪ್ರೋಟಾನ್‌ಗಳು ಎಲೆಕ್ಟ್ರಾನ್ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಪಕ್ಕದ ನಾಲ್ಕನೆಯ ಪ್ರೋಟಾನ್ ಕೂಡ ಹೆಚ್ಚುಕಡಿಮೆ ಅಷ್ಟೇ ಬಲದ್ದು. ನಾಲ್ಕು ಸಮಾನ ಪ್ರೋಟಾನ್‌ಗೆ ಐದು ಗೆರೆ. ಅದೇ ಹರಳನ್ನು ದ್ರವ ನೈಟ್ರೋಜನ್‌ನ 77 ಕೆಲ್ವಿನ್‌ಗೆ ಇಳಿಸಿ. ಮೀಥೈಲ್ ನಿಲ್ಲುತ್ತದೆ. ಮೂರು ಪ್ರೋಟಾನ್‌ಗಳು ಮೂರು ಬೇರೆ ಜಾಗದಲ್ಲಿ ಸಿಕ್ಕಿಬೀಳುತ್ತವೆ, ಐದು ಗೆರೆಗಳ ಸರಳ ಚಿತ್ರ ಒಡೆದು ಹೆಚ್ಚು ಗೆರೆಗಳಾಗುತ್ತವೆ. ಮಿಯಾಗಾವಾ ಮತ್ತು ಇಟೋ 1962ರಲ್ಲಿ ಇದನ್ನು ಬರೆದಿಟ್ಟರು. ಈ ರ್‍ಯಾಡಿಕಲ್ ಎಷ್ಟು ಗಟ್ಟಿಗ ಅಂದರೆ ವಿಕಿರಣದ ಪ್ರಮಾಣ ಅಳೆಯಲು ಅಲನೈನ್ ಗುಳಿಗೆಗಳನ್ನೇ ಬಳಸುತ್ತಾರೆ. ಕಿರಣ ಹಾಯಿಸುವ ಕೆಲಸವನ್ನು ಮಾತ್ರ ಪರವಾನಗಿ ಇರುವ ಕೇಂದ್ರಕ್ಕೇ ಬಿಡಿ.

ಅಲನೈನ್ ಮುಗಿದ ಮೇಲೆ ಗ್ಲೈಸೀನ್ ತೆಗೆದುಕೊಳ್ಳಿ. ಅದರಲ್ಲಿ ಮೀಥೈಲ್ ಇಲ್ಲ, ಹಾಗಾಗಿ ಅಮೋನಿಯಂನ ತಗ್ಗು ಒಂದೇ ಚೊಕ್ಕವಾಗಿ ಕಾಣುತ್ತದೆ. ಆದರೆ ಗ್ಲೈಸೀನ್ ಮೂರು ಬಗೆಯ ಹರಳಾಗುತ್ತದೆ: ಆಲ್ಫಾ, ಬೀಟಾ, ಗಾಮಾ. ಸಾದಾ ನೀರಿನಿಂದ ಸಾಮಾನ್ಯವಾಗಿ ಆಲ್ಫಾ ಬರುತ್ತದೆ. ನೀರು ಆಮ್ಲೀಯವಾದರೆ ಗಾಮಾ ಬರಬಹುದು. ಎರಡರಲ್ಲೂ ಹೈಡ್ರೋಜನ್ ಬಂಧಗಳ ಹೆಣಿಗೆ ಬೇರೆ, ಹಾಗಾಗಿ ತಡೆಶಕ್ತಿಯೂ ಬೇರೆ. ಟ್ಯೂಬು ಮುಚ್ಚುವ ಮೊದಲು ಒಂದು ಚಿಟಿಕೆ ಪುಡಿಯನ್ನು ಎಕ್ಸ್-ರೇ ಪೌಡರ್ ಯಂತ್ರಕ್ಕೆ ಕೊಟ್ಟು, ಕೈಯಲ್ಲಿರುವುದು ಯಾವ ಗ್ಲೈಸೀನ್ ಎಂದು ಖಚಿತ ಮಾಡಿಕೊಂಡು, ಲೇಬಲ್ಲಿನ ಮೇಲೆ ಬರೆಯಿರಿ.